ಪದಚರ್ಚೆ: ಫುಟ್‌ಬಾಲ್ ಕ್ಲಬ್ಬಿಗೆ ‘ಪುನಶ್ಚೇತನ’ ಒಪ್ಪುತ್ತದೆಯೇ?

ಪ್ರಶ್ನೆ:
ಮಾನ್ಯರೇ, ಇಂಗ್ಲೆಂಡಿನ ಲೆಸ್ಟರ್ ಸಿಟಿ ಫುಟ್‌ಬಾಲ್ ಕ್ಲಬ್ಬನ್ನು ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. 2008ರಲ್ಲಿ ಮೂರನೆಯ ದರ್ಜೆಗೆ ಜಾರಿದ ಈ ಕ್ಲಬ್ಬು, ಒಬ್ಬರಾದ ಮೇಲೊಬ್ಬರಂತೆ ಮ್ಯಾನೇಜರ್‌ಗಳನ್ನು ಕಂಡು, 2016ರಲ್ಲಿ ಅಲ್ಲಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗನ್ನೇ ಗೆದ್ದಿತು. ‘ಬದಲಾಗುವ ಮ್ಯಾನೇಜರ್‌ಗಳ ಅಡಿಯಲ್ಲಿ ಕ್ಲಬ್ಬಿನ ಪುನಶ್ಚೇತನ’ ಎಂಬ ಶೀರ್ಷಿಕೆ ಕೊಟ್ಟಿದ್ದೇನೆ, ಆದರೆ ಸಮಾಧಾನವಿಲ್ಲ. ಪುಟ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುವುದರಿಂದ ಇಂದೇ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1:
ಪುನಶ್ಚೇತನದಲ್ಲಿ ದೋಷವಿಲ್ಲ. ಮೊದಲು ‘ಮ್ಯಾನೇಜರ್’ ತೆಗೆಯಿರಿ. ‘ತರಬೇತುದಾರ’ ಎಂಬ ಅಚ್ಚಗನ್ನಡ ಪದವಿರುವಾಗ ಇಂಗ್ಲಿಷಿನ ಮುಂದೆ ಕೈಚಾಚುವ ದೈನ್ಯ ನಮಗೇಕೆ?

ಉತ್ತರ 2:
‘ತರಬೇತು’ ಅರಬ್ಬಿಯ ‘ತರ್ಬಿಯತ್’ನಿಂದ ಬಂದದ್ದು, ‘ದಾರ’ ಪಾರಸಿಯದು. ಇದೇ ಅಚ್ಚಗನ್ನಡವಾದರೆ ಮ್ಯಾನೇಜರ್ ಮಾಡಿದ ಪಾಪವೇನು ಎಂಬುದನ್ನು ಮೇಲಿನ ಹಿರಿಯರೇ ಹೇಳಬೇಕು. ಇಂಗ್ಲೆಂಡಿನ ಕ್ಲಬ್ಬಿನಲ್ಲಿ ಮ್ಯಾನೇಜರ್ ಆದವನು ಆಟ ಕಲಿಸುವುದಷ್ಟೇ ಅಲ್ಲದೆ, ಕಣಕ್ಕಿಳಿಯುವ ಹನ್ನೊಂದು ಮಂದಿಯನ್ನು ಆರಿಸುತ್ತಾನೆ, ಸೋತಾಗ ಮೊದಲು ಕೆಲಸ ಕಳೆದುಕೊಳ್ಳುವವನೂ ಅವನೇ. ತರಬೇತುದಾರ ಎಂದರೆ ಇದರ ಅರ್ಧವೂ ಬರುವುದಿಲ್ಲ, ವ್ಯವಸ್ಥಾಪಕ ಎಂದರೆ ಓದುಗರಿಗೆ ಬ್ಯಾಂಕು ನೆನಪಾಗುತ್ತದೆ. ಮ್ಯಾನೇಜರ್ ಇರಲಿ.

ತೆಗೆಯಬೇಕಾದದ್ದು ‘ಅಡಿಯಲ್ಲಿ’. ಕಾಯಿದೆಯ ಅಡಿಯಲ್ಲಿ ಮೊಕದ್ದಮೆ ಹೂಡುವ ಬರವಣಿಗೆಗೆ ನಾವು ಒಗ್ಗಿಹೋಗಿದ್ದೇವೆ, ಆದರೆ ಮನುಷ್ಯರ ವಿಷಯದಲ್ಲಿ ಕನ್ನಡ ‘ಕಾಲದಲ್ಲಿ’ ಅಥವಾ ‘ಕೈಕೆಳಗೆ’ ಎನ್ನುತ್ತದೆ.

ಇನ್ನು ಪುನಶ್ಚೇತನ. ಮುಚ್ಚಿದ ಕಾರ್ಖಾನೆಗೆ ಸರ್ಕಾರ ಹಣ ಕೊಟ್ಟು ಮಾಡಿಸುವುದು ಪುನಶ್ಚೇತನ. ಹೊರಗಿನವರು ಮಾಡಿದ ಉಪಕಾರದ ಛಾಯೆ ಅದಕ್ಕಿದೆ. ಥಾಯ್ಲೆಂಡಿನ ಉದ್ಯಮಿ ವಿಚೈ ಶ್ರೀವದ್ಧನಪ್ರಭ 2010ರಲ್ಲಿ ಕ್ಲಬ್ಬನ್ನು ಕೊಂಡದ್ದರ ಮಟ್ಟಿಗೆ ಆ ಪದ ಒಪ್ಪೀತು, ಆದರೆ ಅದಕ್ಕೂ ಮೊದಲೇ, 2009ರಲ್ಲಿ, ಮ್ಯಾನೇಜರ್ ನೈಜೆಲ್ ಪಿಯರ್ಸನ್ ತಂಡವನ್ನು ಎರಡನೆಯ ದರ್ಜೆಗೆ ಮರಳಿ ತಂದಿದ್ದರು. ಆಮೇಲೆ ಪಾಲೊ ಸೌಸಾ, ಸ್ವೆನ್ ಯೋರನ್ ಎರಿಕ್ಸನ್ ಬಂದುಹೋದರು. 2011ರ ನವೆಂಬರಿನಲ್ಲಿ ಮರಳಿ ಬಂದ ಪಿಯರ್ಸನ್, 2014ರಲ್ಲಿ 102 ಅಂಕಗಳೊಡನೆ ತಂಡವನ್ನು ಪ್ರೀಮಿಯರ್ ಲೀಗಿಗೆ ಏರಿಸಿದರು. ಮುಂದಿನ ಋತುವಿನಲ್ಲಿ, 2014ರ ಕ್ರಿಸ್‌ಮಸ್ ಹೊತ್ತಿಗೆ ಕಟ್ಟಕಡೆಯಲ್ಲಿದ್ದ ತಂಡ ಕೊನೆಯ 9 ಪಂದ್ಯಗಳಲ್ಲಿ 7 ಗೆದ್ದು, ಕೆಳದರ್ಜೆಗೆ ಇಳಿಯದೆ ಉಳಿದುಕೊಂಡಿತು. ಇಲ್ಲಿಯವರೆಗಿನದು ‘ಚೇತರಿಕೆ’, ಏಕೆಂದರೆ ಕಾಯಿಲೆ ಬಿದ್ದವನು ತನ್ನ ಮೊದಲಿನ ಸ್ಥಿತಿಗೆ ಮರಳುವುದೇ ಚೇತರಿಕೆ.

ಆದರೆ ಪಿಯರ್ಸನ್‌ರನ್ನು 2015ರ ಬೇಸಿಗೆಯಲ್ಲಿ ತೆಗೆದುಹಾಕಿದ ಮೇಲೆ ಬಂದ ಕ್ಲಾಡಿಯೊ ರಾನಿಯೇರಿ, ಹಿಂದೆಂದೂ ಮೊದಲ ದರ್ಜೆಯ ಪಟ್ಟ ಕಾಣದ, 1929ರಲ್ಲಿ ಎರಡನೆಯ ಸ್ಥಾನ ಪಡೆದದ್ದೇ ಹೆಚ್ಚೆಂಬಂತಿದ್ದ ಕ್ಲಬ್ಬಿಗೆ 81 ಅಂಕಗಳೊಡನೆ ಪ್ರಶಸ್ತಿ ತಂದುಕೊಟ್ಟರು. ಎಂದೂ ಇರದ ಎತ್ತರಕ್ಕೆ ‘ಪುನಃ’ ಹೋಗುವುದು ಹೇಗೆ? ಬಿದ್ದಲ್ಲಿಂದ ಏಳುವುದನ್ನೂ ಮುಂದೆ ಬೆಳೆಯುವುದನ್ನೂ ಒಟ್ಟಿಗೆ ಹೇಳುವ ‘ಏಳಿಗೆ’ ಇಲ್ಲಿ ಸರಿಯಾದ ಪದ. ‘ಮ್ಯಾನೇಜರ್‌ಗಳು ಬದಲಾದರೂ ನಿಲ್ಲದ ಏಳಿಗೆ’ ಎಂದು ಹಾಕಿಬಿಡಿ.

ಲೇಖನದೊಳಗೆ ‘ಹಿಂಬಡ್ತಿ’ ಎಂದು ಬರೆದಿದ್ದರೆ ಅದನ್ನೂ ಹೊಡೆದುಹಾಕಿ. ಅದು ಮೇಲಧಿಕಾರಿ ನೌಕರನಿಗೆ ವಿಧಿಸುವ ಶಿಕ್ಷೆ. ತಂಡ ಕೆಳದರ್ಜೆಗೆ ಇಳಿಯಿತು ಎಂದರೆ ಸಾಕು.