ಅತ್ತೆ ಹಂಚಿದ ವಿಡಿಯೊ, ಅಣ್ಣನ ಶರ್ಟಿನ ಗುಂಡಿ

ಅತ್ತೆ: [ವಿಡಿಯೊ. ಹಲವು ಬಾರಿ ಫಾರ್ವರ್ಡ್ ಆಗಿದೆ] ಮೂವತ್ತು ದಾಟಿದ ಮಗನಿಗೆ ಈ ತಾಯಿ ಇವತ್ತಿಗೂ ತಲೆ ಬಾಚಿ, ಬಟ್ಟೆ ಹಾಕುತ್ತಾಳೆ. ನೋಡುತ್ತಾ ಅತ್ತುಬಿಟ್ಟೆ. ನಮ್ಮ ಅತ್ತಿಗೆಯೂ ಹೀಗೇ ಅಲ್ವಾ?

ಚಿಕ್ಕಪ್ಪ: ತಾಯಿ ಅಂದ್ರೆ ಇವಳು.

ನಾನು: ಅತ್ತೆ, ಬೇಜಾರು ಮಾಡಿಕೊಳ್ಳಬೇಡಿ. ವಿಡಿಯೊದ ಕೊನೆ ಇನ್ನೊಮ್ಮೆ ನೋಡಿ. ಅವನೇ ಗುಂಡಿಗೆ ಕೈ ಹಾಕುತ್ತಾನೆ. ತಾಯಿ ಆ ಕೈ ಸರಿಸಿ ತಾವೇ ಹಾಕುತ್ತಾರೆ. ಅವನಿಗೆ ಬರುತ್ತದೆ. ಯಾರೂ ಕಾಯಲಿಲ್ಲ, ಅಷ್ಟೇ.

ಚಿಕ್ಕಪ್ಪ: ಒಂದು ಗುಂಡಿಗೆ ಇಷ್ಟು ಮಾತಾ?

ನಾನು: ನಮ್ಮ ಮನೆಯಲ್ಲೂ ಅದೇ ಗುಂಡಿ, ಚಿಕ್ಕಪ್ಪ. ಅಣ್ಣನಿಗೆ 34 ವರ್ಷ. ಡೌನ್ ಸಿಂಡ್ರೋಮ್, ಅಂದರೆ ಕಲಿಕೆ ನಿಧಾನವಾಗುವ ಸ್ಥಿತಿ, ಅವನಿಗೆ ಹುಟ್ಟಿನಿಂದಲೇ ಇದೆ. ಶರ್ಟಿನ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕು. ಹೊರಡುವ ಅವಸರದಲ್ಲಿ ನಾವೇ ಹಾಕಿಬಿಡುತ್ತೇವೆ. ನಾನೂ ಹಾಕಿದ್ದೇನೆ. ವರ್ಷಗಟ್ಟಲೆ ಹೀಗೆ ಮಾಡಿ, ಆಮೇಲೆ 'ಅವನಿಗೆ ಬರಲ್ಲ' ಅಂತ ನಾವೇ ಹೇಳುತ್ತೇವೆ.

ಚಿಕ್ಕಪ್ಪ: ನಿಮ್ಮಮ್ಮನ ಬಗ್ಗೆ ಹೀಗೆ ಮಾತಾಡಬೇಡ. ಎಂಟು ವರ್ಷದ ಹಿಂದೆ ಅವನು ಮಂಕಾಗಿಬಿಟ್ಟಿದ್ದ. ಮಾತು ಕಡಿಮೆಯಾಗಿತ್ತು. ಹೊತ್ತಲ್ಲದ ಹೊತ್ತಲ್ಲಿ ಮಲಗುತ್ತಿದ್ದ. ಡಾಕ್ಟರು 'ಇಂಥವರು ಹೀಗೇ' ಅಂದು ಕಳಿಸಿದರು. ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದ್ದು ಯಾರು? ಥೈರಾಯ್ಡ್ ಅಂತ ಗೊತ್ತಾಗಿದ್ದೇ ಆಮೇಲೆ.

ನಾನು: ಅದನ್ನು ಮರೆಯಲು ಆಗುತ್ತದಾ? ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ. ಆದರೂ ಹೊಸ ಕಾಯಿಲೆಯನ್ನು ಹಳೆಯ ಸ್ಥಿತಿಯ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಅಮ್ಮ ಬಿಡದೆ ಹಿಂದೆ ಬಿದ್ದಿದ್ದಕ್ಕೇ ಅವನು ಎದ್ದು ಕೂತ. ಮನೆಯವರ ಕೈಯಲ್ಲಿ ಎಷ್ಟಿದೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು. ಅಷ್ಟೊಂದು ನಮ್ಮ ಕೈಯಲ್ಲಿ ಇರುವುದಕ್ಕೇ ಗುಂಡಿಯ ಮಾತು ಎತ್ತಿದೆ.

ಅತ್ತೆ: ಅವನು ಖುಷಿಯಾಗೇ ಇದ್ದಾನಲ್ಲ. ಏನು ಕೇಳಿದರೂ ನಗುತ್ತಾ 'ಹೂಂ' ಅಂತಾನೆ.

ದೊಡ್ಡಕ್ಕ: ಅತ್ತೆ, ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಪಾಠ ಹೇಳುವುದೇ ನನ್ನ ಕೆಲಸ. ನನಗೆ ಭಯ ಆಗುವುದು ಆ 'ಹೂಂ' ಕೇಳಿದಾಗಲೇ. ಎದುರಿನವರಿಗೆ ಇಷ್ಟವಾಗಲಿ ಅಂತ ಎಲ್ಲಕ್ಕೂ ಹೌದು ಅನ್ನುವ ಅಭ್ಯಾಸ ಎಷ್ಟೋ ಜನರಲ್ಲಿ ಬೆಳೆದಿರುತ್ತದೆ. 'ಹೊರಗೆ ಹೋಗೋಣವಾ?' ಹೂಂ. 'ಮನೆಯಲ್ಲೇ ಇರೋಣವಾ?' ಅದಕ್ಕೂ ಹೂಂ. ಎರಡು ಚಿತ್ರ ಮುಂದಿಟ್ಟು, ಯಾವುದು ಅಂತ ಕೇಳಿ, ಸುಮ್ನೆ ಕಾಯಬೇಕು. ಅವರ ಪರವಾಗಿ ಮನೆಯವರು ಕೊಡುವ ಉತ್ತರಕ್ಕೂ ಅವರೇ ಕೊಡುವ ಉತ್ತರಕ್ಕೂ ಎಷ್ಟೋ ಸಲ ತಾಳೆ ಆಗುವುದಿಲ್ಲ.

ದೊಡ್ಡಕ್ಕ: ಇನ್ನೊಂದು ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಶಾಲಾಕ್ ಮತ್ತು ಅವರ ಜೊತೆಯವರು ಬದುಕಿನ ಗುಣಮಟ್ಟವನ್ನು ಎಂಟು ಭಾಗ ಮಾಡಿ ನೋಡುತ್ತಾರೆ. ಆರೋಗ್ಯ, ಮನಸ್ಸಿನ ನೆಮ್ಮದಿ, ಹಣಕಾಸು ಅದರಲ್ಲಿವೆ. ಒಡನಾಟ, ಕಲಿಕೆ, ಜನರೊಡನೆ ಬೆರೆಯುವುದು, ಹಕ್ಕು, ತನ್ನ ವಿಷಯ ತಾನೇ ತೀರ್ಮಾನಿಸುವುದು ಕೂಡ ಇವೆ. ಮೊದಲ ಮೂರಕ್ಕೆ ನಮ್ಮ ಮನೆ ಪ್ರಾಣ ಕೊಡುತ್ತದೆ. ಕೊನೆಯದರ ಹತ್ತಿರವೂ ಹೋಗುವುದಿಲ್ಲ.

ಚಿಕ್ಕಪ್ಪ: ಅವನಿಷ್ಟಕ್ಕೆ ಬಿಟ್ಟು, ರಸ್ತೆಯಲ್ಲಿ ಏನಾದರೂ ಆದರೆ? ಹೊಣೆ ಯಾರು?

ನಾನು: ಆಗಬಹುದು. ಆಗಲ್ಲ ಅಂತ ಸುಳ್ಳು ಹೇಳಲ್ಲ. ಆದರೆ ಅಪಾಯಕ್ಕೆ ಎದುರಾಗುವುದರಲ್ಲೂ ಮನುಷ್ಯನಿಗೆ ಒಂದು ಘನತೆ ಇದೆ ಅಂತ, ವಿಕಲಚೇತನರ ಹಕ್ಕುಗಳ ಪರ ನಿಂತ ಅಮೆರಿಕದ ಲೇಖಕ ರಾಬರ್ಟ್ ಪರ್ಸ್ಕೆ 1972ರಲ್ಲೇ ಬರೆದಿದ್ದಾರೆ. ನಾನು ಮೊಣಕಾಲು ತರಚಿಕೊಂಡೇ ಸೈಕಲ್ ಕಲಿತೆ. ಅಣ್ಣನನ್ನು ಬೀಳಲು ನಾವ್ಯಾರೂ ಬಿಡಲಿಲ್ಲ.

ನಾನು: ಅಮೆರಿಕದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಷ್ಯ 25 ವರ್ಷ. ಈಗ 60ರ ಹತ್ತಿರ. ಅಂದರೆ ಅಪ್ಪ ಅಮ್ಮನ ಕಾಲ ಆದ ಮೇಲೂ ಅಣ್ಣನ ಮುಂದೆ ಬದುಕು ಇರುತ್ತದೆ. ಆಗ ಅವನು ನನ್ನ ಮನೆಗೆ ಬರುತ್ತಾನೆ ಅಂತ ನೀವೆಲ್ಲ ತೀರ್ಮಾನ ಮಾಡಿದ್ದೀರಿ. ನನಗೆ ಸಂತೋಷವೇ. ಅವನಿಗೆ? ಎಲ್ಲಿ, ಯಾರ ಜೊತೆ ಇರಬೇಕು ಅಂತ ಆರಿಸಿಕೊಳ್ಳುವ ಅವಕಾಶ ವಿಕಲಚೇತನರಿಗೂ ಎಲ್ಲರಂತೆ ಇರಬೇಕು. ವಿಕಲಚೇತನರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯಲ್ಲಿ 19ನೇ ವಿಧಿ ಇರುವುದೇ ಇದಕ್ಕೆ. ನಾವು ಅವನನ್ನು ಒಂದು ಸಲವೂ ಕೇಳಿಲ್ಲ.

ಅಮ್ಮ: ಎಲ್ಲ ಓದಿದೆ. ನಾನು ಗುಂಡಿ ಹಾಕುವುದು ಅವಸರಕ್ಕಲ್ಲ ಕಣೇ. ಚಿಕ್ಕವನಿದ್ದಾಗ ಅವನು ಒದ್ದಾಡುವುದನ್ನು ಜನ ನಿಂತು ನೋಡುತ್ತಿದ್ದರು. ಬೇಗ ಮುಗಿಸಿದರೆ ಯಾರೂ ನೋಡಲ್ಲ ಅಂತ ಶುರು ಮಾಡಿದ್ದು. ಈಗ ಮನೆಯೊಳಗೆ ಯಾರೂ ನೋಡದಿದ್ದರೂ ಕೈ ತಾನಾಗೇ ಹೋಗುತ್ತದೆ.

ನಾನು: ಅಮ್ಮ, ನಿನ್ನನ್ನು ದೂರಲು ಬರೆದಿದ್ದಲ್ಲ.

ಅಮ್ಮ: ಗೊತ್ತು.

ಚಿಕ್ಕಪ್ಪ: ಸರಿ, ಒಂದು ಕೆಲಸ ಮಾಡೋಣ. ಭಾನುವಾರ ಬಸ್ಸಿನಲ್ಲಿ ಜನ ಕಡಿಮೆ. ಅವನೇ ಹತ್ತಲಿ, ಅವನೇ ಟಿಕೆಟ್ ತಗೊಳ್ಳಲಿ. ನಾನು ಹಿಂದಿನ ಸೀಟಿನಲ್ಲಿ ಇರುತ್ತೇನೆ. ಒಪ್ಪಿಗೆಯಾ?

ದೊಡ್ಡಕ್ಕ: ನಮ್ಮ ಒಪ್ಪಿಗೆ ಯಾಕೆ ಚಿಕ್ಕಪ್ಪ? ಅವನನ್ನು ಕೇಳಿ.

ಅಮ್ಮ: ಇಲ್ಲೇ ಪಕ್ಕದಲ್ಲಿದ್ದಾನೆ. ತಡೀರಿ.

[ಇಪ್ಪತ್ತು ನಿಮಿಷದ ನಂತರ]

ಅಮ್ಮ: ಕೇಳಿದೆ. ಮೊದಲು ಹೂಂ ಅಂದ. ಸುಮ್ನೆ ಕಾದೆ. ಆಮೇಲೆ ಬಸ್ಸು ಬೇಡ, ಮನೆ ಬೀಗದ ಕೀ ಬೇಕು ಅಂದ. ಎಲ್ಲರ ಹತ್ತಿರ ಇದೆ, ನನಗೆ ಮಾತ್ರ ಇಲ್ಲ ಅಂದ.

ಅತ್ತೆ: ಅಯ್ಯೋ. ಕೊಡಿ ಅತ್ತಿಗೆ.

ಅಮ್ಮ: ಅವರಪ್ಪನ ಕಪಾಟಿನಲ್ಲಿ ಇನ್ನೊಂದು ಇರಬೇಕು. ಇಬ್ಬರೂ ಹುಡುಕುತ್ತಿದ್ದೇವೆ.