ಗಡೀಪಾರು ಕೇಸಿಗೆ ಕೌಂಟಿ ಖರ್ಚಿನಲ್ಲಿ ವಕೀಲರು: ಎಸಿಎಲ್‌ಯು ಬೇಡಿಕೆಗೆ ದನಿಗೂಡಿಸುವ ಮುನ್ನ ಏನೇನು ಗೊತ್ತಿರಬೇಕು?

ಹೊಂಗೆನೆರಳು:

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಪ್ರಶ್ನೆ. ಜೂನ್‌ನಲ್ಲಿ ನಮ್ಮ ಕೌಂಟಿ ಬೋರ್ಡ್ ಮುಂದೆ ಬಜೆಟ್ ಬರುತ್ತದೆ. ಎಸಿಎಲ್‌ಯು (ನಾಗರಿಕ ಹಕ್ಕುಗಳ ಸಂಘಟನೆ) ಸ್ಥಳೀಯ ಘಟಕದವರು ಎರಡು ಬೇಡಿಕೆ ಇಟ್ಟಿದ್ದಾರೆ. ಒಂದು, ಗಡೀಪಾರು ಕೇಸು ಎದುರಿಸುವ ನಿವಾಸಿಗಳಿಗೆ ಕೌಂಟಿಯೇ ವಕೀಲರನ್ನು ಕೊಡಬೇಕು. ಇನ್ನೊಂದು, ನ್ಯಾಯಾಧೀಶರ ವಾರಂಟ್ ಇಲ್ಲದೆ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ, ಜೈಲೂ ಇವರದೇ) ಯಾರನ್ನೂ ಜೈಲಿನಿಂದ ಐಸ್ (ಫೆಡರಲ್ ವಲಸೆ ಜಾರಿ ಸಂಸ್ಥೆ) ಕೈಗೆ ಒಪ್ಪಿಸಬಾರದು. ಕನ್ನಡ ಕೂಟದಿಂದ ಕೆಲವರು ಹೋಗಿ ಬೆಂಬಲಿಸಿ ಮಾತಾಡುವ ಯೋಚನೆಯಿದೆ. ಆದರೆ ಕೂಟದಲ್ಲೇ ತಕರಾರು: "ವಕೀಲರಿಲ್ಲದವರಿಗೆ ಸರ್ಕಾರವೇ ಕೊಡುತ್ತದಲ್ಲ?", "ಎಸ್‌ಬಿ 54 (ಸ್ಥಳೀಯ ಪೊಲೀಸರು ಐಸ್‌ಗೆ ಸಹಕರಿಸುವುದಕ್ಕೆ ಮಿತಿ ಹಾಕುವ ರಾಜ್ಯ ಕಾನೂನು) ಇದ್ದ ಮೇಲೆ ಹೊಸ ನಿಯಮ ಯಾಕೆ?" ಇದಕ್ಕೆ ಸರಿಯಾದ ಉತ್ತರ ಬೇಕು. ಎರಡೇ ನಿಮಿಷ ಕೊಡುತ್ತಾರೆ, ಅದರಲ್ಲಿ ಏನು ಹೇಳಬೇಕು ಅನ್ನುವುದೂ.

ಕಡತಪ್ರಿಯ:

ಮೊದಲನೆಯದಕ್ಕೆ ಉತ್ತರ: ಕೊಡುವುದಿಲ್ಲ. 1963ರ ಗಿಡಿಯನ್ ತೀರ್ಪಿನಿಂದ ಬಂದ ಹಕ್ಕು ಕ್ರಿಮಿನಲ್ ಕೇಸಿಗೆ. ಗಡೀಪಾರು ಕಾನೂನಿನ ಲೆಕ್ಕದಲ್ಲಿ ಸಿವಿಲ್ ವ್ಯವಹಾರ. ವಲಸೆ ಕಾಯ್ದೆಯ 292ನೇ ಕಲಂ ಪ್ರಕಾರ ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಸರ್ಕಾರದ ಖರ್ಚಿನಲ್ಲಲ್ಲ. ಎದುರು ಪಕ್ಷಕ್ಕೆ ಮಾತ್ರ ಸರ್ಕಾರಿ ಸಂಬಳದ ವಕೀಲರು ಇದ್ದೇ ಇರುತ್ತಾರೆ. ದೊಡ್ಡ ಅಪವಾದವೆಂದರೆ 2013ರ ಫ್ರಾಂಕೋ ಪ್ರಕರಣ (ಇದನ್ನು ನಡೆಸಿದವರಲ್ಲಿ ಎಸಿಎಲ್‌ಯು ಕೂಡ ಇತ್ತು). ಬಂಧನದಲ್ಲಿದ್ದು, ಮಾನಸಿಕ ಅಸ್ವಸ್ಥತೆಯಿಂದಾಗಿ ತಮ್ಮ ಪರ ತಾವೇ ವಾದಿಸಲಾಗದವರಿಗೆ ಕ್ಯಾಲಿಫೋರ್ನಿಯಾ, ಅರಿಜೋನಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಪ್ರತಿನಿಧಿ ಕೊಡಬೇಕು ಎಂದು ಕೋರ್ಟ್ ಹೇಳಿತು.

ಕೌಂಟಿಯೋ ನಗರವೋ ತನ್ನ ಹಣ ಹಾಕುವುದಕ್ಕೆ 292 ಅಡ್ಡ ಬರುವುದಿಲ್ಲ. ನ್ಯೂಯಾರ್ಕ್ ನಗರ 2013ರಲ್ಲೇ ಇದನ್ನು ಶುರುಮಾಡಿತು.

ಅಂಕಿ ಬಳಸುವಾಗ ಹುಷಾರು. 2007ರಿಂದ 2012ರವರೆಗಿನ ಕೇಸುಗಳ ಅಧ್ಯಯನದಲ್ಲಿ ವಕೀಲರಿದ್ದವರು ಒಟ್ಟಾರೆ ಶೇ. 37, ಬಂಧನದಲ್ಲಿದ್ದವರಲ್ಲಿ ಬರೀ ಶೇ. 14. ಇದನ್ನು ಧೈರ್ಯವಾಗಿ ಹೇಳಬಹುದು. ನ್ಯೂಯಾರ್ಕ್ ಯೋಜನೆಯಿಂದ ಗೆಲುವು "ಶೇ. 4ರಿಂದ 48ಕ್ಕೆ ಏರಿತು" ಎಂದು ಕರಪತ್ರಗಳಲ್ಲಿ ಅಚ್ಚಾಗುತ್ತದೆ. ಆ 48 ವೆರಾ ಎಂಬ ಸಂಶೋಧನಾ ಸಂಸ್ಥೆಯ ಅಂದಾಜು, ಎಲ್ಲ ಕೇಸು ಮುಗಿದ ಮೇಲೆ ಎಣಿಸಿದ್ದಲ್ಲ. "ಅಂದಾಜಿನ ಪ್ರಕಾರ" ಎಂಬ ಮಾತು ಬಿಟ್ಟರೆ ವಿರೋಧಿಗಳು ಅದನ್ನೇ ಹಿಡಿದು ಎಳೆಯುತ್ತಾರೆ.

ತುಂಗಾತೀರ:

ಎರಡನೆಯ ತಕರಾರಿಗೆ ನನ್ನ ಉತ್ತರ. ಡಿಟೇನರ್, ಅಂದರೆ ಐ-247ಎ ಫಾರಂ, ಬಿಡುಗಡೆಯ ಹೊತ್ತು ಮೀರಿ 48 ಗಂಟೆವರೆಗೆ ಹಿಡಿದಿಡಿ, ಬಿಡುವ ಮುಂಚೆ ತಿಳಿಸಿ ಎಂದು ಐಸ್ ಜೈಲಿಗೆ ಮಾಡುವ ಕೋರಿಕೆ. ಆಜ್ಞೆಯಲ್ಲ ಎಂದು 2014ರಲ್ಲಿ ಗಲಾರ್ಜಾ ತೀರ್ಪು ಹೇಳಿದೆ. ಜೊತೆಗೆ ಬರುವ ಐ-200 ವಾರಂಟ್‌ಗೆ ಸಹಿ ಹಾಕುವುದು ಐಸ್ ಅಧಿಕಾರಿ, ನ್ಯಾಯಾಧೀಶರಲ್ಲ. ಅದೇ ವರ್ಷ ಆರೆಗನ್‌ನ ಕ್ಲಾಕಮಸ್ ಕೌಂಟಿ, ಬರೀ ಡಿಟೇನರ್ ನಂಬಿ ಮಹಿಳೆಯೊಬ್ಬರನ್ನು ಹಿಡಿದಿಟ್ಟು ಸಂವಿಧಾನದ ನಾಲ್ಕನೇ ತಿದ್ದುಪಡಿ (ಅಕ್ರಮವಾಗಿ ಹಿಡಿದಿಡುವುದರಿಂದ ರಕ್ಷಣೆ) ಉಲ್ಲಂಘಿಸಿತು ಎಂದು ಕೋರ್ಟ್ ತೀರ್ಮಾನಿಸಿತು. ಪರಿಹಾರದ ಹೊಣೆ ಬೀಳುವುದು ಕೌಂಟಿಯ ಮೇಲೆ, ಐಸ್ ಮೇಲಲ್ಲ. ಖರ್ಚಿನ ಬಗ್ಗೆ ಗೊಣಗುವ ಬೋರ್ಡ್ ಸದಸ್ಯರಿಗೆ, ಅಂದರೆ ಸೂಪರ್‌ವೈಸರ್‌ಗೆ ಇದನ್ನೇ ಹೇಳಿ.

2017ರ ಎಸ್‌ಬಿ 54 ಡಿಟೇನರ್ ಮೇಲೆ ಹಿಡಿದಿಡುವುದನ್ನು ನಿಲ್ಲಿಸಿತು, ನಿಜ. ತೂತು ಇರುವುದು ಬೇರೆ ಕಡೆ. ಪಟ್ಟಿ ಮಾಡಿದ ಅಪರಾಧಗಳಲ್ಲಿ ಶಿಕ್ಷೆಯಾದವರ ಬಿಡುಗಡೆ ಸಮಯ ತಿಳಿಸಲು, ಅವರನ್ನು ಒಪ್ಪಿಸಲು ಅದು ಶೆರಿಫ್‌ಗೆ ಅವಕಾಶ ಬಿಟ್ಟಿದೆ. ಸಾರ್ವಜನಿಕರಿಗೆ ಸಿಗುವ ಮಾಹಿತಿಯನ್ನು ಐಸ್‌ಗೂ ಕೊಡಬಹುದು. 2018ರಲ್ಲಿ ಆರೆಂಜ್ ಕೌಂಟಿ ಶೆರಿಫ್ ಇಲಾಖೆ ಎಲ್ಲ ಕೈದಿಗಳ ಬಿಡುಗಡೆ ದಿನಾಂಕವನ್ನು ವೆಬ್‌ಸೈಟಿಗೇ ಹಾಕಿತು, ಅಲ್ಲಿಗೆ ಕೆಲಸ ಸಲೀಸು. ಹಾಗಾಗಿ "ಒಪ್ಪಿಸಬಾರದು" ಎಂದಷ್ಟೇ ಬರೆದರೆ ಸಾಲದು. ತಿಳಿಸುವುದು, ಕೈದಿಗಳ ಸಂದರ್ಶನಕ್ಕೆ ಐಸ್ ಅನ್ನು ಬಿಡುವುದು, ದಿನಾಂಕ ಪ್ರಕಟಿಸುವುದು ಮೂರನ್ನೂ ಹೆಸರಿಸಿ ಬರೆಯಬೇಕು.

ಫೆಡರಲ್ ಕಾನೂನಿನ 1373ನೇ ಕಲಂ ಇದನ್ನು ತಡೆಯುತ್ತದೆ ಎಂದು ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಅದು ಪೌರತ್ವ ಮತ್ತು ವಲಸೆ ಸ್ಥಿತಿಯ ಮಾಹಿತಿಗೆ ಸೀಮಿತ, ಬಿಡುಗಡೆ ದಿನಾಂಕಕ್ಕೆ ಅನ್ವಯಿಸದು ಎಂದು 2019ರಲ್ಲೇ ಒಂಬತ್ತನೇ ಸರ್ಕ್ಯೂಟ್ (ಫೆಡರಲ್ ಮೇಲ್ಮನವಿ) ಕೋರ್ಟ್ ಹೇಳಿದೆ.

ಇನ್ನು ನಿಜವಾದ ಕಗ್ಗಂಟು. ಶೆರಿಫ್ ಚುನಾಯಿತ ಹುದ್ದೆ. ಬೋರ್ಡ್ ಕೈಯಲ್ಲಿ ಅವರ ಬಜೆಟ್ ಇದೆ, ಅವರ ತನಿಖಾ ಕೆಲಸದ ಮೇಲೆ ಹಿಡಿತ ಇಲ್ಲ. 2024ರ ಡಿಸೆಂಬರ್‌ನಲ್ಲಿ ಸ್ಯಾನ್ ಡಿಯಾಗೋ ಬೋರ್ಡ್ ಇಂಥದ್ದೇ ನಿಯಮ ಮಾಡಿತು. ಇಲಾಖೆಯ ನೀತಿ ಬೋರ್ಡಿನದಲ್ಲ ಎಂದು ಶೆರಿಫ್ ಪಾಲಿಸಲು ಒಪ್ಪಲಿಲ್ಲ. ಬೋರ್ಡಿನ ಓಟು ಗೆದ್ದ ಕೂಡಲೇ ಮೆರವಣಿಗೆ ಬೇಡ, ಶೆರಿಫ್ ಕಚೇರಿಯ ಜೊತೆಗಿನ ಮಾತುಕತೆಯೂ ಸಮಾನಾಂತರವಾಗಿ ನಡೆಯಬೇಕು.

ಇವತ್ತೇ ಮಾಡಬಹುದಾದ ಕೆಲಸ: ಪಬ್ಲಿಕ್ ರೆಕಾರ್ಡ್ಸ್ (ಸರ್ಕಾರಿ ದಾಖಲೆ ಕೇಳುವ) ಅರ್ಜಿ ಹಾಕಿ. ಕಳೆದ ವರ್ಷ ಬಂದ ಡಿಟೇನರ್ ಎಷ್ಟು, ಐಸ್‌ಗೆ ತಿಳಿಸಿದ್ದು ಎಷ್ಟು, ಒಪ್ಪಿಸಿದ್ದು ಎಷ್ಟು, ಪ್ರತಿ ಬಾರಿಯೂ ಎಸ್‌ಬಿ 54ರ ಯಾವ ವಿನಾಯಿತಿಯಡಿ ಎಂದು ಕೇಳಿ. ಕೊಡುತ್ತಾರೋ ಇಲ್ಲವೋ ಎಂದು 10 ದಿನದೊಳಗೆ ತಿಳಿಸಬೇಕು, ವಿಶೇಷ ಕಾರಣವಿದ್ದರೆ ಇನ್ನೂ 14 ದಿನ. ದಾಖಲೆ ಕೈಗೆ ಬರಲು ಇನ್ನೂ ತಡವಾಗುತ್ತದೆ, ಅದಕ್ಕೇ ಮೇ ತಿಂಗಳಿಗೆ ಬಿಟ್ಟುಕೊಳ್ಳಬೇಡಿ. ಹಿಂದಿನ ವರ್ಷ ಐಸ್‌ಗೆ ಕೈದಿಗಳ ಸಂಪರ್ಕಕ್ಕೆ ಅವಕಾಶ ಕೊಟ್ಟಿದ್ದರೆ ಟ್ರೂತ್ ಕಾಯ್ದೆ (ಇದೂ ರಾಜ್ಯ ಕಾನೂನು) ಪ್ರಕಾರ ಕೌಂಟಿ ಸಾರ್ವಜನಿಕ ಸಭೆ ಕರೆಯಲೇಬೇಕು, 30 ದಿನ ಮುಂಚೆ ಪ್ರಕಟಣೆ ಕೊಟ್ಟು.

ಮೂರನೇಸಾಲು:

ವಕೀಲರ ನಿಧಿ ಬಿದ್ದುಹೋಗುವುದು ಮೊತ್ತ ಕಡಿಮೆಯಾಗಿ ಅಲ್ಲ, ಕರಾರಿನ ಮಾತುಗಳಿಂದ. ಎಸಿಎಲ್‌ಯುನವರ ಕರಡು ಕೈಗೆ ಸಿಕ್ಕರೆ ಮೊದಲು ಅರ್ಹತೆಯ ಸಾಲು ಓದಿ. "ಈ ಕೌಂಟಿಯ ಕೋರ್ಟಿನಲ್ಲಿ ಕೇಸು ಇರುವವರು" ಎಂದಿದ್ದರೆ ಕೆಟ್ಟಿತು. ಬಂಧಿತರನ್ನು ಅಡೆಲಾಂಟೋ ಬಂಧನ ಕೇಂದ್ರಕ್ಕೋ ಬೇರೆ ರಾಜ್ಯಕ್ಕೋ ಸಾಗಿಸಿದ ದಿನವೇ ವಕೀಲರು ಕೈತಪ್ಪುತ್ತಾರೆ. "ಕೌಂಟಿ ನಿವಾಸಿ ಅಥವಾ ಕೌಂಟಿಯೊಳಗೆ ಬಂಧಿತ, ಸ್ಥಳಾಂತರದ ನಂತರವೂ ಮುಂದುವರಿಯತಕ್ಕದ್ದು" ಎಂದಿರಬೇಕು.

ಮುಂದಿನದು, ಹಳೆಯ ಶಿಕ್ಷೆಯಿದ್ದವರನ್ನು ಹೊರಗಿಡುವ ಷರತ್ತು. 2017ರಲ್ಲಿ ನ್ಯೂಯಾರ್ಕ್ ಮೇಯರ್ ಆಡಳಿತ 170 ಅಪರಾಧಗಳ ಪಟ್ಟಿ ಹಿಡಿದು ಹೀಗೆ ಮಾಡಿತು. ರಾಜಿಗಾಗಿ ಇದನ್ನೇ ಮೊದಲು ಬಿಟ್ಟುಕೊಡುತ್ತಾರೆ. ನನ್ನ ಪ್ರಕಾರ ತಪ್ಪು, ವಕೀಲರು ತೀರಾ ಬೇಕಾಗಿರುವುದೇ ಆ ಕೇಸುಗಳಿಗೆ.

ಅವಧಿ ಒಂದೇ ವರ್ಷವಾದರೆ ಕೇಸು ನಡುನೀರಿನಲ್ಲಿ ನಿಲ್ಲುತ್ತದೆ, ಹೊಸ ಕೇಸು ಹಿಡಿಯಲು ಸಂಸ್ಥೆಗಳು ಹಿಂಜರಿಯುತ್ತವೆ. ಜೊತೆಗೆ ಅನುವಾದ, ಮನೋವೈದ್ಯರ ವರದಿ, ಸಹಾಯಕ ಸಿಬ್ಬಂದಿಗೆ ಪ್ರತ್ಯೇಕ ಹಣ ಇರಲಿ. ಟೆಂಡರ್‌ನಲ್ಲಿ ಯಾರಿಗೆ ಕೊಡುತ್ತಾರೆ ನೋಡಿ: ಎಲ್‌ಎಸ್‌ಸಿ (ಕಾನೂನು ನೆರವಿಗೆ ಫೆಡರಲ್ ಹಣ ಹಂಚುವ ನಿಗಮ) ಅನುದಾನ ಪಡೆಯುವ ಕಾನೂನು ನೆರವು ಸಂಸ್ಥೆಗಳು ಬಹುತೇಕ ದಾಖಲೆರಹಿತರ ಕೇಸು ಹಿಡಿಯುವಂತಿಲ್ಲ.

ಪಬ್ಲಿಕ್ ಡಿಫೆಂಡರ್ (ಕ್ರಿಮಿನಲ್ ಕೇಸಿನ ಆರೋಪಿಗಳಿಗೆ ಸರ್ಕಾರ ಕೊಡುವ ವಕೀಲರು) ಕಚೇರಿಯಲ್ಲೇ ವಲಸೆ ಘಟಕ ಕೇಳುವುದೂ ಒಳ್ಳೆಯದು. ತಪ್ಪೊಪ್ಪಿಗೆಯಿಂದ ಗಡೀಪಾರು ಆಗಬಹುದೇ ಎಂದು ಕ್ರಿಮಿನಲ್ ವಕೀಲರು ಹೇಳಲೇಬೇಕು, 2010ರ ಪಡಿಲ್ಲಾ ತೀರ್ಪು ಅದೇ. ಕ್ಯಾಲಿಫೋರ್ನಿಯಾದ ದಂಡ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ: ಆ ಪರಿಣಾಮ ತಪ್ಪಿಸಲು ವಕೀಲರು ಪ್ರಯತ್ನಿಸಬೇಕು (1016.3). ನಮ್ಮವರು ಎಡವುವುದು ಇಲ್ಲೇ. ಅಂಗಡಿಕಳ್ಳತನದ ಆರೋಪಕ್ಕೆ "ಚಿಕ್ಕದು, ಒಪ್ಪಿಕೊಂಡು ಮುಗಿಸೋಣ" ಅನ್ನುತ್ತಾರೆ. ಆಮೇಲೆ 1203.4ರಡಿ ದಾಖಲೆ ಅಳಿಸಿದರೂ ವಲಸೆ ಕಾನೂನಿನ ಮಟ್ಟಿಗೆ ಅದು ಶಿಕ್ಷೆಯೇ.

ಹೊಂಗೆನೆರಳು:

ಬಹಳ ಉಪಕಾರ. ಒಂದು ಅಳುಕು: ಮಾತಾಡಲು ಬರುವವರಲ್ಲಿ ಎಚ್-1ಬಿ, ಎಫ್-1 ಮೇಲಿರುವವರೂ ಇದ್ದಾರೆ. ಹೆಸರು ಬರೆಸಲೇಬೇಕಾ?

ಕಡತಪ್ರಿಯ:

ಬ್ರೌನ್ ಕಾಯ್ದೆ (ಸ್ಥಳೀಯ ಸಂಸ್ಥೆಗಳ ಸಭೆ ಮುಕ್ತವಾಗಿರಬೇಕೆನ್ನುವ ರಾಜ್ಯ ಕಾನೂನು) ಪ್ರಕಾರ ಸಭೆಗೆ ಬರಲು ಹೆಸರು ನೋಂದಾಯಿಸಬೇಕು ಎಂದು ಒತ್ತಾಯಿಸುವಂತಿಲ್ಲ. ಆದರೆ ಸಭೆಯ ವಿಡಿಯೋ ಸಾರ್ವಜನಿಕ ದಾಖಲೆ. ತಮ್ಮ ವೀಸಾ, ಬಂಧನದಲ್ಲಿರುವವರ ಹೆಸರು, ಎ-ನಂಬರ್ (ವಲಸೆ ಕಡತದ ಸಂಖ್ಯೆ) ಯಾವುದೂ ಮೈಕಿನಲ್ಲಿ ಬೇಡ. ಅಳುಕಿದ್ದವರು ಮಾತಾಡುವ ಬದಲು ಕೂಟದ ಹೆಸರಿನಲ್ಲಿ ಪತ್ರ ಕೊಡಲಿ, ಪೌರರು ಮೈಕು ಹಿಡಿಯಲಿ.

ಕಾರ್ಯಸೂಚಿ 72 ಗಂಟೆ ಮುಂಚೆ ಪ್ರಕಟವಾಗುತ್ತದೆ. ಅದರಲ್ಲಿಲ್ಲದ ವಿಷಯದ ಮೇಲೆ ಬೋರ್ಡ್ ನಿರ್ಣಯ ಮಾಡುವಂತಿಲ್ಲ, ಆದ್ದರಿಂದ ವಾರಗಳ ಮೊದಲೇ ಸೂಪರ್‌ವೈಸರ್‌ರ ಸಹಾಯಕರನ್ನು ಹಿಡಿಯಬೇಕು. ಎರಡು ನಿಮಿಷಕ್ಕೆ ಕನ್ನಡದಲ್ಲಾದರೆ ಸುಮಾರು 150–180 ಪದ, ಇಂಗ್ಲಿಷಿನಲ್ಲಿ 250ರ ಒಳಗೆ. ಕಾರ್ಯಸೂಚಿಯ ಐಟಂ ಸಂಖ್ಯೆ ಮತ್ತು ಬೇಡಿಕೆ ಮೊದಲ ವಾಕ್ಯದಲ್ಲೇ ಬರಲಿ, ಆಮೇಲೆ ರೆಕಾರ್ಡ್ಸ್ ಅರ್ಜಿಯಿಂದ ಸಿಕ್ಕ ಒಂದೇ ಒಂದು ಅಂಕಿ. ಹತ್ತು ಜನ ಒಂದೇ ಪಾಠ ಒಪ್ಪಿಸಬೇಡಿ. ಒಬ್ಬರು ಅರ್ಹತೆಯ ಸಾಲು, ಒಬ್ಬರು ಬಿಡುಗಡೆ ದಿನಾಂಕ, ಒಬ್ಬರು ಅವಧಿ ಎಂದು ಹಂಚಿಕೊಳ್ಳಿ.

ತುಂಗಾತೀರ:

ಇನ್ನೊಂದು ಸೇರಿಸುತ್ತೇನೆ, ಕರಪತ್ರದಲ್ಲಿ ಹಾಕಿ. ವಲಸೆ ಕೋರ್ಟಿನಲ್ಲಿ ದುಭಾಷಿಗೆ ಕಾಸು ಕೊಡಬೇಕಿಲ್ಲ. ಮೊದಲ ಹಾಜರಿಯಲ್ಲೇ "ನನ್ನ ಭಾಷೆ ಕನ್ನಡ" ಎಂದು ಸ್ಪಷ್ಟವಾಗಿ ಹೇಳಿ ದಾಖಲಿಸಬೇಕು, ಇಲ್ಲದಿದ್ದರೆ ಭಾರತೀಯರು ಅಂತ ಹಿಂದಿಯವರನ್ನು ಕೂರಿಸುವ ಸಂಭವವಿದೆ. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದದ ಜೊತೆ, ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ನಿಖರವಾಗಿದೆ ಎಂಬ ಅನುವಾದಕರ ಸಹಿಯಿರುವ ಪ್ರಮಾಣಪತ್ರ ಬೇಕು. ಭಾರತದ ಕಾನ್ಸುಲೇಟ್‌ಗೆ ಸುದ್ದಿ ತಾನಾಗಿ ಹೋಗುವುದಿಲ್ಲ, ಬಂಧಿತರು ಕೇಳಬೇಕು. ಆಶ್ರಯ ಕೋರುವವರು ಕೇಳುವ ಮೊದಲು ವಕೀಲರ ಜೊತೆ ಮಾತಾಡಲಿ.