ಸರ್ಚ್ ಫಂಡ್: ಎಂಬಿಎ ಮುಗಿದ ಕೂಡಲೇ ಇಳಿಯಬೇಕಾ?

ಬದಿಯಡ್ಕದ ತಮ್ಮನೊಬ್ಬ ಕೇಳಿದ್ದು: "ಬರುವ ಏಪ್ರಿಲಿಗೆ ಎಂಬಿಎ ಮುಗಿಯುತ್ತದೆ. ವಯಸ್ಸು 27. ಹೂಡಿಕೆದಾರರಿಂದ ದುಡ್ಡು ಒಟ್ಟುಮಾಡಿ, ಚೆನ್ನಾಗಿ ನಡೆಯುವ ಒಂದು ಸಣ್ಣ ಕಂಪನಿ ಹುಡುಕಿ, ಕೊಂಡು, ನಾನೇ ನಡೆಸುವ ಆಸೆ. ಇದಕ್ಕೇ ಸರ್ಚ್ ಫಂಡ್ ಅನ್ನುತ್ತಾರಲ್ಲ. ಈಗಲೇ ಇಳಿಯಲಾ, ಕೆಲಸ ಮಾಡಿ ಆಮೇಲಾ? ಶಿಕ್ಷಣ ಸಾಲ ಇದೆ. ಅಪ್ಪನಿಗೆ ಎರಡು ಎಕರೆ ಅಡಿಕೆ ತೋಟ."

ಕುಂಬಳೆಯಿಂದ:

ತಮ್ಮಾ, ನಾನು ಓದು ಮುಗಿದ ವರ್ಷವೇ ಇಳಿದವನು. 22 ತಿಂಗಳು ಹುಡುಕಿದೆ, ಕಂಪನಿ ಸಿಗಲಿಲ್ಲ. ಎರಡನೇ ಸಲ, 33ನೇ ವಯಸ್ಸಿಗೆ, ಸಿಕ್ಕಿತು.

ಮೊದಲ ಸಲ ಮಂಗಳೂರು ಕಡೆಯ ಒಂದು ಪ್ಯಾಕಿಂಗ್ ಫ್ಯಾಕ್ಟರಿಯ ಮಾತು ತುಂಬಾ ಮುಂದೆ ಹೋಗಿತ್ತು. ಧನಿಗಳಿಗೆ 66. ಮಕ್ಕಳಿಬ್ಬರೂ ಗಲ್ಫ್‌ನಲ್ಲಿ. ಐದು ತಿಂಗಳು ವಾರಕ್ಕೊಮ್ಮೆ ಹೋಗಿ ಕೂತೆ. ಲೆಕ್ಕಪತ್ರ ಎಲ್ಲ ತೆರೆದು ತೋರಿಸಿದರು. ಒಂದು ದಿನ ಊಟಕ್ಕೆ ಕೂತಾಗ ಕೇಳಿದರು, "ಇಷ್ಟರವರೆಗೆ ಎಷ್ಟು ಜನರಿಗೆ ನಿಮ್ಮ ಕೈಯಿಂದ ಸಂಬಳ ಕೊಟ್ಟಿದ್ದೀರಿ?" ನನ್ನಲ್ಲಿ ಉತ್ತರ ಇರಲಿಲ್ಲ. ಮುಂದಿನ ರಜೆಗೆ ದೊಡ್ಡ ಮಗ ಬಂದ. ಮಾತು ಅಲ್ಲಿಗೇ ನಿಂತಿತು. ವಕೀಲರಿಗೆ, ಆಡಿಟರಿಗೆ ಕೊಟ್ಟ ದುಡ್ಡು ಹೋಯಿತು. ಅದಕ್ಕಿಂತ ಜಾಸ್ತಿ ನೋವಾದದ್ದು ಆ ಪ್ರಶ್ನೆಯಿಂದ. 30 ವರ್ಷ ಜೊತೆಗಿದ್ದ ಕೆಲಸದವರನ್ನು ಅವರು ಸುಮ್ನೆ ಯಾರದೋ ಕೈಗೆ ಒಪ್ಪಿಸುತ್ತಾರಾ?

ಆಮೇಲೆ ನಾಲ್ಕು ವರ್ಷ ಒಂದು ಆಹಾರ ಕಂಪನಿಯ ಫ್ಯಾಕ್ಟರಿ ನೋಡಿಕೊಂಡೆ. ಶಿಫ್ಟು, ಪಿಎಫ್, ಬಾಕಿ ವಸೂಲಿ, ಮೆಷಿನ್ ಕೈಕೊಟ್ಟ ರಾತ್ರಿಗಳು. ಎರಡನೇ ಸಲ ಮಾತಿಗೆ ಕೂತಾಗ ಧನಿಗಳು ನನ್ನ ಡಿಗ್ರಿ ಕೇಳಲೇ ಇಲ್ಲ. ಇಡೀ ಮಧ್ಯಾಹ್ನ ಬಾಯ್ಲರ್ ಬಗ್ಗೆ ಮಾತಾಡಿದೆವು.

ಹಾಗಾಗಿ ವಯಸ್ಸು ನೋಡಬೇಡ. ಜನರನ್ನಿಟ್ಟುಕೊಂಡು ಒಂದು ಕೆಲಸ ನಡೆಸಿದ್ದೀಯಾ, ಅದನ್ನು ನೋಡಿಕೋ.

ಮಂಜೇಶ್ವರದಿಂದ:

ಅಣ್ಣ ಹೇಳಿದ್ದು ಸರಿ. ಆದರೆ ಕಾಯುವುದಕ್ಕೂ ಬೆಲೆ ತೆರಬೇಕು. ನಾನು "ಸ್ವಲ್ಪ ಕೆಲಸ ಮಾಡಿ ಆಮೇಲೆ" ಎಂದುಕೊಂಡವಳು. ಮದುವೆ, ಮಗು, ಫ್ಲ್ಯಾಟಿನ ಕಂತು. ಆರು ವರ್ಷ ಆಯಿತು, ಇನ್ನೂ ಇಳಿದಿಲ್ಲ. ಎಂಬಿಎಗೆ ಮುಂಚೆಯೇ ನೀವು ಜನರನ್ನಿಟ್ಟುಕೊಂಡು ದುಡಿದಿದ್ದರೆ ಈಗಲೇ ಶುರುಮಾಡಿ.

ಆದರೆ ಇದು ಎರಡು ವರ್ಷದಲ್ಲಿ ಮುಗಿಯುವ ಕೆಲಸ ಅಲ್ಲ. ಅಮೆರಿಕದಲ್ಲಿ 1984ರಲ್ಲಿ ಶುರುವಾದ ಪದ್ಧತಿ ಇದು. ಹೂಡಿಕೆದಾರರು ಸುಮಾರು ಎರಡು ವರ್ಷದ ಹುಡುಕಾಟಕ್ಕೆ ನಿಮ್ಮ ಸಂಬಳ, ಖರ್ಚು ಕೊಡುತ್ತಾರೆ. ಸ್ಟ್ಯಾನ್‌ಫರ್ಡ್‌ನವರ ಅಧ್ಯಯನ ನೋಡಿದರೆ ಅಲ್ಲಿಯೇ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಕಂಪನಿ ಸಿಗುವುದಿಲ್ಲ. ಸಿಕ್ಕರೂ, ಆ ಕಂಪನಿಯಲ್ಲಿ ನಿಮಗೆ ಬರುವ ಹೆಚ್ಚೆಂದರೆ 25% ಪಾಲು ಸಾಮಾನ್ಯವಾಗಿ ಮೂರು ಭಾಗವಾಗಿ ಬರುತ್ತದೆ: ಕೊಂಡಾಗ ಒಂದು, ವರ್ಷಗಳು ಕಳೆದಂತೆ ಒಂದು, ಹೂಡಿಕೆದಾರರಿಗೆ ಒಳ್ಳೆಯ ಲಾಭ ಬಂದರೆ ಕೊನೆಯದು. ಏಳೆಂಟು ವರ್ಷದ ಲೆಕ್ಕ ಇಟ್ಟುಕೊಳ್ಳಿ. ಮನೆಯವರಿಗೂ ಹಾಗೆಯೇ ಹೇಳಿ.

ನೀರ್ಚಾಲಿನಿಂದ (ಬ್ಯಾಂಕಿನಲ್ಲಿದ್ದು ನಿವೃತ್ತ):

ಮಗಾ, ಎರಡು ಮಾತು. ಅಮೆರಿಕದಲ್ಲಿ ಸಣ್ಣ ವ್ಯಾಪಾರ ಕೊಳ್ಳಲು ಸರಕಾರದ ಗ್ಯಾರಂಟಿಯಲ್ಲಿ 50 ಲಕ್ಷ ಡಾಲರ್‌ವರೆಗೆ ಬ್ಯಾಂಕ್ ಸಾಲ ಸಿಗುತ್ತದೆ. ಅಲ್ಲಿಯವರು ಸ್ವಂತ ದುಡ್ಡಿನಲ್ಲಿ ಹುಡುಕುವ ಧೈರ್ಯ ಮಾಡುವುದಕ್ಕೆ ಅದೂ ಒಂದು ಕಾರಣ. ಆ ಲೆಕ್ಕವನ್ನು ಇಲ್ಲಿಗೆ ತಂದು, ಸಾಲಕ್ಕೆ ಅಪ್ಪನ ತೋಟ ಅಡವಿಡಬೇಡ. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಆ ತೋಟಕ್ಕೆ ತನ್ನ ಖರ್ಚು ತೂಗಿಸುವುದೇ ಕಷ್ಟ.

ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷಕ್ಕೆ ಶುರು. ಏಪ್ರಿಲಿನಲ್ಲೇ ಇಳಿದರೆ ಹುಡುಕಾಟದ ನಡುವೆಯೇ ಬರುತ್ತದೆ. ಅಷ್ಟು ದಿನ ಬಡ್ಡಿಯೂ ಬೆಳೆದಿರುತ್ತದೆ. ಯಾವ ತಿಂಗಳಿಂದ, ಎಷ್ಟು ಎಂದು ನಿನ್ನ ಶಾಖೆಯಲ್ಲಿ ಈ ವಾರವೇ ಬರೆಸಿಕೊಂಡು ಬಾ. ಹುಡುಕಾಟದ ಸಂಬಳದಲ್ಲಿ ಆ ಕಂತು ಕಟ್ಟಿ, ಮನೆಗೂ ಸ್ವಲ್ಪ ಉಳಿಯುತ್ತದಾ ಅಂತ ಅಪ್ಪನ ಜೊತೆ ಕೂತು ನೋಡು.